ಕಾಂಪ್ಲೆಕ್ಸಿನ ಸುತ್ತ ಸ್ಟ್ರಿಂಗ್ ಥಿಯರಿ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಬಳಿ ನಿನ್ನೆ ಸೇವಂತಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಹಬ್ಬ ನೆನಪಾದೀತು. ನನಗೆ ನೆನಪಾದದ್ದು ಸ್ಟ್ರಿಂಗ್ ಥಿಯರಿ. ನಗಬೇಡಿ, ಮೊದಲು ವಾದ ಕೇಳಿ.

ತೊಂಬತ್ತರ ದಶಕದ ಕೊನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿ ಸುಧೀಂದ್ರ. ಪ್ರತಿ ಕಾಲೇಜಿನಿಂದ ಇಬ್ಬರು: ಒಬ್ಬ ಪರ, ಒಬ್ಬ ವಿರೋಧ. ನಾನು ಸದಾ ಪರ, ಅವನು ಸದಾ ವಿರೋಧ. ಅವನಿಗೆ ಭೌತಶಾಸ್ತ್ರದ ಹುಚ್ಚು ಬೇರೆ. ಜಗತ್ತೆಲ್ಲ ಸಣ್ಣ ಸಣ್ಣ ಎಳೆಗಳಂತೆ, ಎಳೆಗೆ ಉದ್ದವಿದೆಯಂತೆ. ಹಾಗಾಗಿ ಹೊತ್ತನ್ನು ತೀರಾ ಬಿಗಿಹಿಡಿದರೆ ಜಾಗ ಹಿಗ್ಗುತ್ತದೆ, ಜಾಗವನ್ನು ಬಿಗಿಹಿಡಿದರೆ ಹೊತ್ತು ಹಿಗ್ಗುತ್ತದೆ ಎನ್ನುತ್ತಿದ್ದ.

“ಯಾರ್ ಅಳೆದಿದಾರೆ?” ಎಂದೆ.

“ಅಷ್ಟ್ ಚಿಕ್ಕದನ್ನ ಅಳೆಯಕ್ಕಾಗಲ್ಲ ಮಗಾ.”

“ಹಂಗಾದ್ರೆ ಅದು ವಿಜ್ಞಾನ ಅಲ್ಲ, ಜಾತಕ.”

ಎರಡು ದಿನ ಮಾತು ಬಿಟ್ಟ.

ಫೈನಲ್ಸ್ ಬಂತು. ಗೆದ್ದರೆ ನಮ್ಮ ಕಾಲೇಜು ಕಂಡೇ ಇರದ ರೋಲಿಂಗ್ ಶೀಲ್ಡು. ಹನ್ನೊಂದರೊಳಗೆ ಇಬ್ಬರೂ ಹೋಗಿ ಸಹಿ ಹಾಕಬೇಕು. ಮೊಬೈಲ್ ಇಲ್ಲದ ಕಾಲ. ಹತ್ತಕ್ಕೆ ಸರಿಯಾಗಿ ಕಾಂಪ್ಲೆಕ್ಸಿನ ಹೂವಿನಂಗಡಿ ಮುಂದೆ ಸೇರುವುದೆಂದು ಮಾತಾಗಿತ್ತು. ಹತ್ತಕ್ಕೆ ಅವನಿಲ್ಲ. ಹುಡುಕುತ್ತ ಕಟ್ಟಡಕ್ಕೆ ಒಂದು ಸುತ್ತು ಹಾಕಿದೆ.

“ನಿಮ್ ಫ್ರೆಂಡ್ ಈಗ್ತಾನೆ ನಿಮ್ಮನ್ನೇ ಹುಡುಕ್ಕೊಂಡು ಹೋದ್ರು,” ಎಂದರು ಹೂವಿನಕ್ಕ. ಇನ್ನೊಂದು ಸುತ್ತು. “ಈಗ್ತಾನೆ ಹೋದ್ರು.” ಇಬ್ಬರದೂ ಒಂದೇ ದಿಕ್ಕು, ಒಂದೇ ವೇಗ. ನಾಲ್ಕನೇ ಸುತ್ತಿಗೆ ಆಕೆ ರೇಗಿದರು: “ಒಂದ್ ಕಡೆ ನಿಂತ್ಕೊಳ್ರಪ್ಪಾ, ನನ್ ತಲೆ ತಿರುಗ್ತಿದೆ!” ನಿಂತೆ. ಅಷ್ಟರಲ್ಲಿ ಕಟ್ಟಡದ ಹಿಂದೆ ಸೀಬೆಹಣ್ಣಿನವನು ಅವನನ್ನೂ ಬೈದು ನಿಲ್ಲಿಸಿದ್ದ. ಹಾಗೇ ಎಷ್ಟು ಹೊತ್ತು ನಿಂತೆವೋ! ಕೊನೆಗೆ ಅಕ್ಕನೇ ಎದ್ದುಹೋಗಿ ಅವನನ್ನು ಎಳೆದುತಂದರು.

ಸ್ಪರ್ಧೆಯ ಜಾಗ ತಲುಪಿದಾಗ ಹನ್ನೊಂದು ಹತ್ತು. ಹೆಸರು ಬರೆದುಕೊಳ್ಳುವ ಮೇಡಂ ಮುಂದೆ, ಪುರಾವೆ ಪುರಾವೆ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ ನಾನೇ ಶುರುಮಾಡಿದೆ:

“ಮೇಡಂ, ಇದು ಪ್ರಕೃತಿ ನಿಯಮ. ಹೊತ್ತನ್ನ ಬಿಗಿ ಹಿಡಿದ್ವಿ, ಜಾಗ ಹಿಗ್ಗಿಬಿಡ್ತು. ಸ್ಟ್ರಿಂಗ್ ಥಿಯರಿ.”

ಮೇಡಂ ನಕ್ಕರು. ಪೆನ್ನು ನಮ್ಮ ಕಡೆ ಚಾಚಿದರು. ನಾನು ಪರ ಮಾತಾಡಿ ಮುಗಿಸಿದೊಡನೆ ಮುಂದೆ ಬರುವುದು ಸುಧೀಂದ್ರನ ಮೈಗೆ ಹತ್ತಿದ ಅಭ್ಯಾಸ. ಬಂದೇಬಿಟ್ಟ.

“ಇದನ್ನ ನಾನು ಬಲವಾಗಿ ವಿರೋಧಿಸ್ತೀನಿ ಮೇಡಂ. ಆ ನಿಯಮ ಅಣುವಿಗಿಂತ ಎಷ್ಟೋ ಚಿಕ್ಕ ಲೆಕ್ಕಕ್ಕೆ, ಕಾಂಪ್ಲೆಕ್ಸಿಗಲ್ಲ. ನಾವು ದಡ್ಡರ ಥರ ಸುತ್ತಿದ್ವಿ, ಅಷ್ಟೇ.”

ಪೆನ್ನು ಹಿಂದೆ ಹೋಯಿತು. “ಇಬ್ರೂ ಚೆನ್ನಾಗ್ ಮಾತಾಡಿದ್ರಿ. ವಿರೋಧಪಕ್ಷ ಗೆದ್ದಿದೆ. ಮನೆಗೆ ಹೊರಡಿ,” ಎಂದರು ಮೇಡಂ.

ಶೀಲ್ಡು ಕಳೆದವನು ಅವನೇ ಎಂದು ಇಷ್ಟು ವರ್ಷ ಸಿಕ್ಕವರ ಮುಂದೆಲ್ಲ ವಾದಿಸಿದ್ದೇನೆ. ನಿನ್ನೆ ಕಾಂಪ್ಲೆಕ್ಸಿನ ಬಳಿಯೇ ನಿಂತು ಅವನಿಗೆ ಫೋನ್ ಮಾಡಿದೆ. “ಅವತ್ತು ನೀನ್ ಹೇಳಿದ್ದೇ ಸರಿ ಕಣೋ.”

“ಒಪ್ಪಲ್ಲ ಮಗಾ,” ಎಂದ. “ನಾನ್ ಬಾಯ್ ಮುಚ್ಕೊಂಡಿರ್ಬೇಕಿತ್ತು.”

ನಾನು ಖಂಡಿಸಲು ಹೋಗಲಿಲ್ಲ.