ಮೆಟ್ಟಿಲಿಲ್ಲದ ನೀಲಿ

ಈರಪ್ಪ ಕಾಕಾ ಟ್ಯೂಬ್‌ಲೈಟನ್ನು ನಂಬುತ್ತಿರಲಿಲ್ಲ. ಅಂಗಡಿಯಲ್ಲಿ ಸೀರೆ ತೋರಿಸಿದರೆ ಅದನ್ನು ಹಿಡಿದು ನೇರ ಬೀದಿಗೆ ನಡೆದುಬಿಡುವರು. ಅಂಗಡಿಯವನು ಗಾಬರಿಯಿಂದ ಹಿಂದೆ ಓಡಿಬರುವನು. "ಲೈಟ್ ಸುಳ್ಳ ಹೇಳತೈತಿ. ಬಿಸಲ ಹೇಳೂದಿಲ್ಲ," ಎನ್ನುವರು. ರಬಕವಿ ಕಡೆಯ ಅವರು ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಶೇಡ್ ಹೊಂದಿಸುತ್ತಲೇ ನಿವೃತ್ತರಾದವರು. ಅದೇ ಊರಿನಲ್ಲಿ ನನ್ನ ಬಾಡಿಗೆ ಮನೆಯ ಎದುರು ಬಾಗಿಲು ಅವರದು.

ನಾನು ಶಾಲೆಯಲ್ಲಿ ಗಣಿತದ ಟೀಚರು. ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಫ್ರ್ಯಾಕ್ಟಲ್ ಚಿತ್ರ ಮಾಡುತ್ತಿದ್ದೆ. ಒಂದು ಸಣ್ಣ ಸೂತ್ರವನ್ನು ಪ್ರತಿ ಚುಕ್ಕೆಯ ಮೇಲೂ ಮತ್ತೆ ಮತ್ತೆ ಓಡಿಸುವುದು. ಎಷ್ಟನೇ ಸುತ್ತಿಗೆ ಬರುವ ಸಂಖ್ಯೆ ಗೊತ್ತುಮಾಡಿದ ಗಡಿ ದಾಟಿತೋ ಅದರಂತೆ ಚುಕ್ಕೆಗೆ ಬಣ್ಣ. ಸುರುಳಿಯೊಳಗೆ ಸುರುಳಿ ಅರಳುತ್ತದೆ. ಸೂರತ್‌ನ ಮಿಲ್ಲೊಂದು ಅದನ್ನು ಸೀರೆಯ ಮೇಲೆ ಅಚ್ಚು ಹಾಕಲು ಕೇಳಿತ್ತು. ಎರಡು ಸಲ ಕಳಿಸಿದೆ. ಬಣ್ಣ ಪಟ್ಟೆಪಟ್ಟೆಯಾಗಿ ಕಾಣುತ್ತದೆಂದು ಎರಡು ಸಲವೂ ಬೇಡವೆಂದರು. ಇನ್ನು ಒಂದೇ ಅವಕಾಶ.

ಮಿಲ್ಲಿನವರು ಅಚ್ಚು ಹಾಕಿ ವಾಪಸ್ಸು ಕಳಿಸಿದ ಬಟ್ಟೆಯ ತುಂಡನ್ನು ಕಾಕಾ ಬಾಲ್ಕನಿಯಲ್ಲಿ ಹಿಡಿದು ನೋಡಿದರು. "ತಂಗಿ, ಇದು ಬಣ್ಣ ಅಲ್ಲ, ಮೆಟ್ಲ. ಒಂದರಿಂದ ಸೀದಾ ಎರಡಕ್ಕ ಜಿಗದೀ."

"ಏನ್ ಮಾಡ್ಲಿ ಕಾಕಾ? ಸುತ್ತು ಅಂದ್ರೆ ಒಂದು, ಎರಡು, ಮೂರು. ನಡುವೆ ಏನಿರತ್ತೆ?"

ಅವರು ಲೋಟದಲ್ಲಿ ನೀಲಿ ಕಲಸಿ ಒದ್ದೆ ಬಿಳಿ ಬಟ್ಟೆಯ ತುದಿ ಅದ್ದಿದರು. ನೀಲಿ ತೆವಳುತ್ತ ಮೇಲೇರಿತು, ತೆಳುವಾಗುತ್ತ ಬಿಳಿಯಲ್ಲಿ ಕರಗಿತು.

"ಎಲ್ಲಿ ಮುಗೀತು? ಬೆರಳಿಟ್ಟು ತೋರಸು."

ತೋರಿಸಲಾಗಲಿಲ್ಲ. ಆಗ ಹೊಳೆಯಿತು: ಎಷ್ಟನೇ ಸುತ್ತಿಗೆ ದಾಟಿತು ಎಂದಷ್ಟೇ ಎಣಿಸುತ್ತಿದ್ದೆ. ದಾಟಿ ಎಷ್ಟು ದೂರ ಹಾರಿತು ಎಂಬುದನ್ನೂ ಲೆಕ್ಕಕ್ಕೆ ತಂದರೆ ಒಂದೂಕಾಲು, ಒಂದೂವರೆ ಎಲ್ಲ ಸಿಗುತ್ತದಲ್ಲ! ಆ ಭಾನುವಾರವೆಲ್ಲ ಕೂತು ಪ್ರೋಗ್ರಾಮನ್ನು ಹೊಸದಾಗಿ ಬರೆದೆ.

ಸೂರತ್‌ಗೆ ಕೊನೆಯ ಸಲದ ಅಚ್ಚು ನೋಡಲು ಕಾಕಾ ಜೊತೆಗೇ ಬಂದರು. ಯಂತ್ರದಿಂದ ಬಟ್ಟೆ ಇಳಿಯಿತು: ಕಡುನೀಲಿ ನವಿಲುಬಣ್ಣಕ್ಕೆ ತಿರುಗಿ, ಅಲ್ಲಿಂದ ಅರಿಶಿನಕ್ಕೆ ಹರಿದಿತ್ತು, ಎಲ್ಲೂ ಗೆರೆಯಿಲ್ಲ. ಮ್ಯಾನೇಜರ್ ಭೂತಗನ್ನಡಿ ಹಿಡಿದು ಹುಡುಕಿದರು, ಮತ್ತೂ ಹುಡುಕಿದರು. ಕೊನೆಗೆ, "ಬಹು ಸರಸ್, ಬೆನ್!" ಎಂದು ಗುಜರಾತಿಯಲ್ಲಿ ಮೆಚ್ಚಿ, "ಯಾವ ಸಾಫ್ಟ್‌ವೇರ್?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದೆಯುಬ್ಬಿಸಿ, "ಸಾಫ್ಟ್‌ವೇರ್ ನಹೀ ಸಾಬ್, ಹಮಾರೀ ಬೇಟೀ ಕಾ ದಿಮಾಗ್!" ಎಂದರು.

ಮರುವರ್ಷ ಅವರು ಮಗಳಿದ್ದ ಹುಬ್ಬಳ್ಳಿಗೆ ಹೊರಟರು. ಅಲ್ಲೇ, ಕೆಲವು ತಿಂಗಳಲ್ಲಿ ತೀರಿಕೊಂಡರು. ನಾನು ಅವರನ್ನು ಕಡೆಯದಾಗಿ ಕಂಡದ್ದು ಅಹಮದಾಬಾದ್ ಸ್ಟೇಷನ್ನಿನಲ್ಲಿ. ರೈಲು ಮೆಲ್ಲಗೆ ಹೊರಟಿತ್ತು. ಪ್ಲ್ಯಾಟ್‌ಫಾರ್ಮಿನಲ್ಲಿ ಯಾರೋ ಹೆಂಗಸು ಮಗುವನ್ನು ಎತ್ತಿಕೊಂಡು ಅವಸರದಲ್ಲಿ ಹೋಗುತ್ತಿದ್ದರು. ಉಟ್ಟದ್ದು ನಮ್ಮ ಸುರುಳಿಯ ಅದೇ ನೀಲಿ ಸೀರೆ. ಕಾಕಾ ಕಿಟಕಿಯಿಂದ ಕೈ ಚಾಚಿ, ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ಕೂಗಿದರು:

"ಏ ತಂಗೀ, ಅಲ್ಲಿ ನೋಡ! ನಮ್ಮ ನೀಲಿ ಹೊಂಟೈತಿ!"