ದೊಡ್ಡಮ್ಮನ ವಾಗ್ದಾನದ ಕಾರ್ಡು

ಇವತ್ತು ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ, ಚಾಮರಾಜನಗರದ ನಮ್ಮ ಚರ್ಚಿನಲ್ಲಿ, ಸ್ಟೀಲ್ ತಟ್ಟೆ ನನ್ನ ಮುಂದೆ ಬಂದು ನಿಂತಿತು. ಈ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ತಟ್ಟೆಯ ತುಂಬ ಪುಟ್ಟ ಕಾರ್ಡುಗಳನ್ನು ಕವುಚಿ ಇಟ್ಟಿರುತ್ತಾರೆ, ಒಂದೊಂದರಲ್ಲೂ ದೇವರ ಒಂದು ವಾಗ್ದಾನ. ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳಬೇಕು, ಬಂದದ್ದು ವರ್ಷವಿಡೀ ನಿಮ್ಮದು. ಹೋದ ವರ್ಷ ನನಗೆ ಶತ್ರುಗಳು ಓಡಿಹೋಗುತ್ತಾರೆಂದು ಬಂದಿತ್ತು. ಹೇಳಿಕೊಳ್ಳುವಂಥ ಶತ್ರುವಿಲ್ಲದೆ ಪಕ್ಕದ ಮನೆಯ ನಾಯಿಯ ಮೇಲೆ ಕಣ್ಣಿಟ್ಟೆ. ಅದು ಇನ್ನೂ ಗೇಟಿನ ಬಳಿಯೇ ಇದೆ.

ತಟ್ಟೆ ಕಂಡರೆ ಬೇಗೂರಿನ ನಮ್ಮ ದೊಡ್ಡಮ್ಮ ನೆನಪಾಗುತ್ತಾಳೆ. ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆಯ ಚರ್ಚಿನಲ್ಲಿ, ಎಪ್ಪತ್ತು ದಾಟಿದ ಅವಳ ಕೈಗೆ ಬಂದ ಕಾರ್ಡನ್ನು ನಾನೇ ಓದಿ ಹೇಳಿದೆ. ನಿನ್ನ ಮಡಿಲಿಗೆ ಮಗು ಬರುತ್ತದೆ ಎಂಬರ್ಥದ ಮಾತು ಅದರಲ್ಲಿತ್ತು. ಪಕ್ಕದಲ್ಲಿದ್ದ ಸೊಸೆ ಸುಗುಣತ್ತಿಗೆಗೆ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಅವಳಿಗೆ ಬಂದದ್ದು, ತಲೆ ನರೆಯುವವರೆಗೂ ಹೊತ್ತು ನಡೆಸುತ್ತೇನೆ ಎಂಬ ಮಾತು. ನಾನು ನಕ್ಕುಬಿಟ್ಟೆ. ಅತ್ತಿಗೆ ನಗಲಿಲ್ಲ.

“ಇಬ್ಬರೂ ಅದಲುಬದಲು ಮಾಡ್ಕೊಳ್ಳಿ ದೊಡ್ಡಮ್ಮ” ಎಂದೆ.

“ಬದ್ಲಾಯಿಸ್ಕಳಕೆ ಇದೇನ್ ಸೀರೆ ಅಂಗ್ಡಿಯೇನ್ಲಾ? ಕೊಡೋನ್ಗೆ ನನ್ ವಯಸ್ಸು ಗೊತ್ತಿಲ್ವಾ? ಮಗು ಮನೆಗೆ ಬತ್ತದೆ, ಕಾರ್ಡು ನನ್ ಕೈಗೆ ಬಂದದೆ, ಅಷ್ಟೆಯ.”

ಮಾತು ಕೊಟ್ಟವನು ಮಗು ಕಳಿಸುವ ಹೊತ್ತಿಗೆ ಮನೆ ಸಿದ್ಧವಿರಬೇಕೆಂಬುದು ಅವಳ ಲೆಕ್ಕ. ಹಳೆಯ ಸೀರೆಗಳನ್ನು ಹರಿದು ಪುಟ್ಟ ಕೌದಿಗಳನ್ನು ಹೊಲಿದಳು, ಕೂಸಿಗೆ ತೇದು ನೆಕ್ಕಿಸಲು ಬಜೆ ಬೇರು ತರಿಸಿದಳು. ಕೌದಿಗಳು ಬೀದಿಗೆ ಕಾಣುವಂತೆ ಹಗ್ಗದ ಮೇಲೆ ಒಣಗತೊಡಗಿದವು. ಎದುರುಮನೆ ಶಿವಮ್ಮ ಕೇಳಿಯೇ ಬಿಟ್ಟಳು: “ಯಾರ್ಗಕ್ಕ, ನಿಂಗಾ? ಎಷ್ಟ್ ತಿಂಗ್ಳು?” ದೊಡ್ಡಮ್ಮ ತಲೆ ಎತ್ತದೆ, “ದೇವ್ರನ್ನೇ ಕೇಳೋಗು” ಎಂದು ಸೂಜಿಗೆ ದಾರ ಪೋಣಿಸಿದಳು. ಬೀದಿಗೆ ವರ್ಷವಿಡೀ ಬೇರೆ ಮಾತೇ ಬೇಕಾಗಲಿಲ್ಲ.

ಆ ವರ್ಷದ ಕೊನೆಗೆ ಒಂದು ಮಧ್ಯಾಹ್ನ ನಾನು ಹೋದಾಗ ಸುಗುಣತ್ತಿಗೆ ಹಗ್ಗದಿಂದ ಕೌದಿಗಳನ್ನು ತೆಗೆದು ಮಡಿಸುತ್ತಿದ್ದಳು.

“ಅತ್ತೆ, ಸಾಕು ಕಣತ್ತೆ” ಎಂದಳು. “ದಿನಾ ಇದ್ನ ಬಿಸಿಲ್ಗಾಕಿ ದಿನಾ ಒಳಿಕ್ಕೆ ತರೋಳು ನಾನು.”

ದೊಡ್ಡಮ್ಮ ಅವಳ ಕೈಯಿಂದ ಕೌದಿಗಳನ್ನು ತೆಗೆದುಕೊಂಡು ಉಳಿದದ್ದನ್ನು ತಾನೇ ಮಡಿಸಿದಳು. ಮಾರನೆಯ ದಿನವೇ ಕೌದಿಗಳೆಲ್ಲ ಶಿವಮ್ಮನ ಬಾಣಂತಿ ಮಗಳ ಮನೆ ಸೇರಿದವು.

ಹೊಸ ವರ್ಷಕ್ಕೆ ತಟ್ಟೆ ಮತ್ತೆ ಬಂತು. ದೊಡ್ಡಮ್ಮ ಕೈ ಚಾಚಲಿಲ್ಲ. ಹಳೆಯ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪಾದ್ರಿಗಳಿಗೆ ತೋರಿಸಿದಳು.

“ಮೊದ್ಲು ಈ ಮಾತು ನಡುಸ್ಕೊಡ್ಲಿ, ಅಯ್ನೋರೆ. ಈ ನನ್ ಸೊಸೆಗೆ ಆಸೆ ತೋರ್ಸ್ಬುಟ್ಟು ಸುಮ್ಕಿರದು ಅವನ್ಗೆ ಮರ್ಯಾದೆ ಅಲ್ಲ. ಅಲ್ಲೀಗಂಟ ಬ್ಯಾರೇದು ನಾ ಮುಟ್ಟಕಿಲ್ಲ.”

ಪಾದ್ರಿಗಳು ತಟ್ಟೆ ಹಿಡಿದುಕೊಂಡೇ ಸುಗುಣತ್ತಿಗೆಯ ಮುಖ ನೋಡಿದರು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. “ನನ್ ಪರ್ವಾಗಿ ದೇವ್ರತ್ರ ಇಂಗೆ ಯಾರೂ ಜಗ್ಳ ಆಡಿರ್ನಿಲ್ಲ” ಎಂದು ಆಮೇಲೆ ನನಗೆ ಹೇಳಿದಳು.

ಮಗು ಇದುವರೆಗೂ ಬಂದಿಲ್ಲ. ಆರಾಧನೆ ಮುಗಿಸಿ ಈಗಷ್ಟೇ ಫೋನ್ ಮಾಡಿದ್ದೆ. “ಅತ್ತೆ ಈ ಸಲಾನೂ ತಟ್ಟೆ ಮುಟ್ನಿಲ್ಲ” ಎಂದು ಅತ್ತಿಗೆ ನಗುತ್ತ ಹೇಳಿ ಫೋನನ್ನು ದೊಡ್ಡಮ್ಮನಿಗೆ ಕೊಟ್ಟಳು.

“ನಿಂಗೇನ್ ಬಂತ್ಲಾ?”

ಓದಿ ಹೇಳಿದೆ.

“ಒಳ್ಳೇದು. ಕಳೆದ್ ವರ್ಷದ್ದು ಏನಾಯ್ತು?”

ನಾಯಿಯ ವಿಷಯ ಹೇಳಲು ನಾಚಿಕೆಯಾಯಿತು. ಮರೆತುಬಿಟ್ಟೆ ದೊಡ್ಡಮ್ಮ, ಎಂದೆ. ವರ್ಷ ವರ್ಷವೂ ಹೊಸದನ್ನು ಎತ್ತಿಕೊಂಡೆನೇ ಹೊರತು, ದೊಡ್ಡಮ್ಮನ ಹಾಗೆ ಕೊಟ್ಟವನನ್ನೇ ಹಿಡಿದು ಕೇಳುವಷ್ಟು ಒಂದನ್ನೂ ನಾನು ನಂಬಿದ್ದಿಲ್ಲ.