ಶಂಖಕ್ಕೆ ಸಾಲುವಷ್ಟು ಉಸಿರು

ಕುರ್ಚಿಯಲ್ಲಿ ಕೂರುವಾಗ ನನ್ನ ಬಾಯಿಂದ 'ಉಸ್ಸಪ್ಪಾ' ಎಂಬ ಉದ್ಗಾರ ತಾನಾಗಿಯೇ ಹೊರಡುತ್ತದೆ. ಅದರಲ್ಲಿ ವ್ಯಾಧಿಯೂ ಇಲ್ಲ, ವ್ಯಥೆಯೂ ಇಲ್ಲ. ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಶಬ್ದವಿಲ್ಲದೆ ಯಾರಾದರೂ ಕೂತದ್ದನ್ನು ನಾನು ಕಂಡಿಲ್ಲ. ಆದರೆ ಪರದೇಶದಲ್ಲಿ, ಜುರಾಂಗ್ ವೆಸ್ಟ್‌ನ ಈ ಫ್ಲ್ಯಾಟಿನಲ್ಲಿ, ಕಳೆದ ವರ್ಷ ನನಗೆ ನ್ಯುಮೋನಿಯಾ ಬಂದು ಹೋದಂದಿನಿಂದ, ಮಗಳು ಗೌರಿ ಪ್ರತಿಯೊಂದು ಉಸ್ಸಪ್ಪಾವನ್ನೂ ರೋಗಲಕ್ಷಣವೆಂದೇ ಭಾವಿಸುತ್ತಾಳೆ. ಇಲ್ಲೇ ಬೆಳೆದು, ಇಲ್ಲಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಹುಡುಗಿ ಅವಳು. ಅಪ್ಪನೂ ಅವಳಿಗೊಂದು ಪಾಠವೇ.

ಅವಳ ಅನುಮಾನ ಕೊನೆಗೆ ನನ್ನ ಶಂಖಕ್ಕೇ ಬಂದು ತಗುಲಿತು. ಕಾಕಿ ಬುಕಿತ್‌ನ ಗೋದಾಮೊಂದರ ಮೇಲಿನ ಬಾಡಿಗೆ ಹಾಲಿನಲ್ಲಿ ನಮ್ಮ ಕಡೆಯ ಕುಟುಂಬಗಳು ಶಿವರಾತ್ರಿಗೆ ಸೇರುತ್ತವೆ. ಸಂಜೆಯ ಮೊದಲ ಮಂಗಳಾರತಿಗೆ ಶಂಖ ಊದುವುದು ನನ್ನ ಪಾಲಿನ ಕೆಲಸ. ಹಾಡಲು ಬಾರದ, ಮಂತ್ರದಲ್ಲಿ ತೊದಲುವ, ಭಾಷಣಕ್ಕೆ ನಿಂತರೆ ಬೆವರುವ ನನ್ನಂಥವನಿಗೆ ಆ ಸಭೆಯಲ್ಲಿರುವ ಏಕೈಕ ಪ್ರತಿಷ್ಠೆ ಅದು. ಈ ಸಲ ಸ್ಪೀಕರಿನಲ್ಲಿ ಶಂಖದ ರೆಕಾರ್ಡಿಂಗ್ ಹಾಕಿದರಾಯಿತು ಎಂದು ಗೌರಿ ಸಮಿತಿಯವರನ್ನು ಒಪ್ಪಿಸಿಬಿಟ್ಟಿದ್ದಳು. ಹಾಗಾದರೆ ಅಭಿಷೇಕವನ್ನೂ ಫೋನಿನ ಪರದೆಗೇ ಮಾಡಿ ಎಂದು ನಾನು ಹಾರಾಡಿದೆ. ಕಡೆಗೊಂದು ರಾಜಿಯಾಯಿತು: ಶ್ವಾಸಕೋಶದ ಪರೀಕ್ಷೆಯಲ್ಲಿ ಪಾಸಾದರೆ ಶಂಖ, ಇಲ್ಲದಿದ್ದರೆ ಸ್ಪೀಕರ್.

ಕ್ಲಿನಿಕ್ಕಿನಲ್ಲಿ ಮೂಗಿಗೆ ಕ್ಲಿಪ್ ಸಿಕ್ಕಿಸಿ, ಕೊಳವೆಯೊಂದನ್ನು ಬಾಯಿಗಿಟ್ಟು ಊದೆಂದರು. ನನಗೆ ಊದುವುದನ್ನು ಹೇಳಿಕೊಡಬೇಕೆ? ಶಂಖದವನ ಮರ್ಯಾದೆ ಇರುವುದೇ ಉಸಿರನ್ನು ಹಿಡಿದಿಟ್ಟುಕೊಂಡು, ಸಣ್ಣಗೆ, ಸಮವಾಗಿ, ಎಳೆ ಕಡಿಯದಂತೆ ಬಿಡುವುದರಲ್ಲಿ. ಹಾಗೆಯೇ ಬಿಟ್ಟೆ. ಯಂತ್ರದ ಬಳಿಯಿದ್ದ ಆಂಟಿ ಜೋರಾಗಿ, ಬೇಗ ಬೇಗ ಎಂದು ಕೂಗಿದಷ್ಟೂ, ಪಾಪ, ಇವರಿಗೆ ಕಲೆಯ ಗಂಧವಿಲ್ಲವೆಂದು ಕನಿಕರಪಡುತ್ತ ನಾನು ಮತ್ತಷ್ಟು ಸಾವಧಾನಿಯಾದೆ. ಗಾಳಿಯ ದಾರಿ ಕಿರಿದಾಗಿರಬಹುದು, ಇಲ್ಲವೇ ಸರಿಯಾಗಿ ಊದಿರಲಿಕ್ಕಿಲ್ಲ ಎಂದು ವರದಿ ಬಂತು. ಗೌರಿ ಮೊದಲರ್ಧವನ್ನಷ್ಟೇ ಓದಿ, ಶಂಖವನ್ನು ಅಡುಗೆಮನೆಯ ಅಟ್ಟಕ್ಕೇರಿಸಿದಳು.

ನನಗೆ ಸಿಟ್ಟು ಬಂದದ್ದು ನಿಜ. ಒಳಗೊಳಗೇ ಹೆದರಿಕೆಯಾದದ್ದೂ ಅಷ್ಟೇ ನಿಜ. ಶಂಖ ಹೋದರೆ ಆ ಹಾಲಿನಲ್ಲಿ ನಾನು ಚಪ್ಪಲಿ ಕಾಯುವ ಮುದುಕನಾಗುತ್ತೇನೆ. ದಮ್ಮಿಲ್ಲದವನು ಅಷ್ಟು ಹೊತ್ತು ಊದುವುದುಂಟೇ ಎಂದು ಊಟದ ಮೇಜಿನಲ್ಲಿ ವಾದಕ್ಕಿಳಿದೆ. ಅವಳು ಪಾಠಕ್ಕಿಳಿದಳು. ಶ್ವಾಸಕೋಶವೆಂದರೆ ಬರೀ ಸಂತೆಯಂತೆ. ಅಲ್ಲಿನ ಗಾಳಿಗುಳ್ಳೆಗಳ ಅತಿ ತೆಳುವಾದ ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಈಚೆ ಬರುತ್ತದೆ. ಅಸಲು ಉಸಿರಾಟ ನಡೆಯುವುದು ಒಂದೊಂದು ಜೀವಕೋಶದ ಒಳಗೆ. ಅಲ್ಲಿ ಉಂಡ ಅನ್ನ ಆಮ್ಲಜನಕದ ನೆರವಿನಿಂದ ಹಂತಹಂತವಾಗಿ ಕರಗಿ, ಮೈಗೆ ಶಕ್ತಿ ಕೊಟ್ಟು, ನೀರೂ ಇಂಗಾಲದ ಡೈಆಕ್ಸೈಡೂ ಆಗಿ ಉಳಿಯುತ್ತದೆ. ಅಂದರೆ, ಓದುಗ ಮಿತ್ರರೇ, ಮಧ್ಯಾಹ್ನದ ಜೋಳದ ರೊಟ್ಟಿಯೇ ಸಂಜೆ ನನ್ನ ಶಂಖದಿಂದ ಹೊರಬೀಳುತ್ತದೆ. ಶಿವರಾತ್ರಿಯಂದು ಉಪವಾಸವಾದ್ದರಿಂದ, ಹಿಂದೆಂದೋ ತಿಂದು ಸೊಂಟದ ಸುತ್ತ ಶೇಖರಿಸಿಟ್ಟ ಹೋಳಿಗೆ. ಇಷ್ಟು ವರ್ಷ ಶಿವನಿಗೆ ಬರಿ ಗಾಳಿ ಅರ್ಪಿಸಿದೆನೆಂಬ ಸಂಕೋಚ ನನಗಿತ್ತು. ಅದು ಅಂದೇ ತೀರಿತು.

"ಮತ್ತೆ ಆ ಕೊಳವೆ ಕೇಳಿದ್ದೇನು?" ಎಂದೆ.

"ಫಸ್ಟ್ ಸೆಕೆಂಡಲ್ಲೇ ಎಷ್ಟು ಹೊರಗೆ ತಳ್ತೀರಾ ಅಂತ, ಅಪ್ಪ. ನೀವು ಸೇವ್ ಮಾಡ್ಕೊಂಡು ಊದಿದ್ರೆ ಫೇಲೇ ಲಾ," ಎಂದು ಇಲ್ಲಿನವರ ಧಾಟಿಯಲ್ಲಿ 'ಲಾ' ಎಳೆದವಳು ಅರ್ಧಕ್ಕೇ ನಿಂತಳು. ತಾನು ಹೇಳಿದ್ದರ ಅರ್ಥ ಅವಳಿಗೇ ಆಗ ಹೊಳೆದಿತ್ತು.

"ಇನ್ನೊಂದ್ ಸಲ ಬುಕ್ ಮಾಡು," ಎಂದೆ.

ಎರಡನೆಯ ಬಾರಿ ಸಮಿತಿಯವರೆಲ್ಲ ಕೊಳವೆಯ ಆಚೆ ತುದಿಯಲ್ಲಿ ನಿಂತಿದ್ದಾರೆಂದು ಕಲ್ಪಿಸಿಕೊಂಡು ಊದಿದೆ. ಗಾಳಿಯ ದಾರಿ ಸಲೀಸಾಗಿತ್ತು. ಆದರೆ ಎದೆಯಲ್ಲಿ ಹಿಡಿಸುವ ಗಾಳಿ ನನ್ನ ವಯಸ್ಸಿಗೆ ಇರಬೇಕಾದುದಕ್ಕಿಂತ ತುಸು ಕಡಿಮೆಯೇ. ಕಾಯಿಲೆ ತನ್ನ ಪಾಲು ಒಯ್ದಿತ್ತು. ಊದಬಹುದು, ತಲೆ ಸುತ್ತಿದರೆ ನಿಲ್ಲಿಸಿ ಎಂದರು ಡಾಕ್ಟರು. ಎಷ್ಟೇ ಊದಿದರೂ ಶ್ವಾಸಕೋಶ ಪೂರ್ತಿ ಬರಿದಾಗದು, ಒಂದಿಷ್ಟು ಗಾಳಿ ಒಳಗೆ ಉಳಿದೇ ಇರುತ್ತದೆ ಎಂದು ಗೌರಿ ಎಂಆರ್‌ಟಿ ರೈಲಿನಲ್ಲಿ ವಿವರಿಸಿದಳು. ಆ ಉಳಿಕೆಯನ್ನು ಯಾವ ಸಮಿತಿಯೂ ಠರಾವು ಮಾಡಿ ತೆಗೆಯಲಾರದು ಎಂದುಕೊಂಡು ನಾನು ಎದೆ ಸೆಟೆಸಿ ಕೂತೆ. ಮನೆಗೆ ಬಂದು ಅವಳು ಶಂಖ ಇಳಿಸಿಕೊಟ್ಟಳು. ಜೊತೆಗೆ ಸ್ಪೀಕರನ್ನೂ ಚಾರ್ಜಿಗೆ ಹಾಕಿದಳು.

ಶಿವರಾತ್ರಿಯ ಸಂಜೆ ಆರತಿ ಎದ್ದಿತು, ಶಂಖದ ದನಿಯೂ ಎದ್ದಿತು, ಮತ್ತು ನಡುವೆಯೇ ಕಡಿಯಿತು. ಸಮಿತಿಯ ಖಜಾಂಚಿಯ ಕೈ ಮೆಲ್ಲಗೆ ಸ್ಪೀಕರಿನ ಗುಂಡಿಯತ್ತ ಸರಿಯಿತು. ಆ ಕೈಯನ್ನೇ ದುರುಗುಟ್ಟಿ ನೋಡುತ್ತ ಇನ್ನೊಂದು ಉಸಿರೆಳೆದೆ; ಅದು ಮುಗಿದಾಗ ಮತ್ತೊಂದು. ಹಿಂದೆ ಒಂದೇ ಎಳೆಯಾಗಿ ಹರಿಯುತ್ತಿದ್ದುದು ಈಗ ತುಂಡುತುಂಡಾಗಿ ಬಂತು, ನನಗದು ನೋಯಿಸಿತು ಕೂಡ; ಆದರೆ ಎಂದೂ ಕಡಿಯದ ದನಿ ಯಂತ್ರಕ್ಕಿರಲಿ. ಕರ್ಪೂರ ಆರುವವರೆಗೂ ನಾನು ಶಂಖ ಇಳಿಸಲಿಲ್ಲ.

ಆಮೇಲೆ ಕುರ್ಚಿಗೆ ಬಂದು, ಹಟಕ್ಕೆಂದೇ ತುಟಿ ಬಿಗಿದು, ಸದ್ದಿಲ್ಲದೆ ಕೂತೆ. ಪಕ್ಕದಿಂದ ಉದ್ದನೆಯ, ಅಪ್ಪಟ ಬೈಲಹೊಂಗಲದ 'ಉಸ್ಸಪ್ಪಾ' ಕೇಳಿಸಿತು. ಗೌರಿ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂತಿದ್ದಳು.

"ಟೆಸ್ಟ್ ಬುಕ್ ಮಾಡ್ಲಾ?" ಎಂದು ಕೇಳಿದೆ.

ಅವಳು ಕಣ್ಣೊರೆಸಿಕೊಂಡು ಎದ್ದು ಹೋಗಿ ಸ್ಪೀಕರಿನ ವೈರು ಕಿತ್ತಳು.